ದಂಪತಿ ಸಮೇತ

ಪತ್ರಿಕೆಯ ‘ಈ ವಾರ ನಗರದಲ್ಲಿ’ ಅಂಕಣ ಪಂಕಜಾಕ್ಷಿಯದು. ಎಲ್ಲಿ ಯಾರ ಕಛೇರಿ, ಯಾರಿಗೆ ಸನ್ಮಾನ, ಎಲ್ಲವೂ ಅವಳ ಕೈಯಿಂದಲೇ ಅಚ್ಚಿಗೆ ಹೋಗಬೇಕು. ದಿನವೂ ಫೋನ್ ಮಾಡಿ, “ಸನ್ಮಾನ ದಂಪತಿ ಸಮೇತನಾ ಮೇಡಂ?” ಎಂದು ವಿಚಾರಿಸುವ ಒಬ್ಬನಿದ್ದ. ಎಂಥ ಕಲಾಭಿಮಾನಿ ಎಂದುಕೊಂಡು ಅವಳೂ ಬಾಯಿತುಂಬ ಉತ್ತರಿಸುತ್ತಿದ್ದಳು. ಗಂಡ ಹೆಂಡತಿ ವೇದಿಕೆಯ ಮೇಲೆ ಶಾಲು ಹೊದ್ದು ಕೂತಿದ್ದ ಹೊತ್ತಿಗೇ ಸನ್ಮಾನಿತರ ಮೂರು ಮನೆಗಳ ಬೀಗ ಒಡೆದದ್ದು ಗೊತ್ತಾದಾಗ ಅವಳೇ ಪೊಲೀಸರಿಗೆ ಫೋನ್ ಮಾಡಿದಳು.

ಇವತ್ತು ಅವಳ ಮೇಜಿನೆದುರು ಇನ್‌ಸ್ಪೆಕ್ಟರ್ ಕೂತಿದ್ದರು. ರೇಷ್ಮೆ ಜುಬ್ಬಾ ತೊಟ್ಟು ಬಂದಿದ್ದವರು, ಬೆಳಗಿನ ಪತ್ರಿಕೆ ಬಿಡಿಸಿ ಮೊದಲು ಹುಡುಕಿದ್ದು ತಮ್ಮ ಹೆಸರನ್ನೇ.

“ನೀವು ಹೇಳಿದ ಹಾಗೇ ಹಾಕಿದೀನಿ ಸಾರ್. ಇವತ್ತಿನ ನಾಟಕೋತ್ಸವಕ್ಕೆ ಮುಖ್ಯ ಅತಿಥಿ.”

“ಸರಿ. ಈಗ ಕೇಳಿ. ಸಂಜೆ ವೀಣೆ ವಿದ್ವಾಂಸರಿಗೆ ಸನ್ಮಾನ ಇದೆಯಲ್ಲ, ಅವರ ಮನೆ ಸುತ್ತ ನಮ್ಮವರನ್ನ ನಿಲ್ಲಿಸಿದೀನಿ. ಅವನು ಕೇಳಿದ್ರೆ ಹೂಂ ಅನ್ನಿ, ಸಾಕು.”

“ದನಿ ನಡುಗಿದ್ರೆ?”

“ನಡುಗಬಾರದು.”

ಫೋನ್ ರಿಂಗಾಯಿತು. ಅವಳು ಸ್ಪೀಕರ್ ಒತ್ತಿದಳು.

“ನಮಸ್ಕಾರ ಮೇಡಂ. ಇವತ್ತಿನ ಕಾರ್ಯಕ್ರಮದ ಬಗ್ಗೆ...”

“ವೀಣೆಯವರ ಸನ್ಮಾನ ತಾನೇ? ಹೂಂ, ದಂಪತಿ ಸಮೇತ ಬರ್ತಾರೆ.”

ಇನ್‌ಸ್ಪೆಕ್ಟರ್ ತಲೆದೂಗಿದರು.

“ಅದಲ್ಲ ಮೇಡಂ, ನಾಟಕೋತ್ಸವದ್ದು. ಮುಖ್ಯ ಅತಿಥಿಗಳ ಶ್ರೀಮತಿಯವರು ಈಗ ತಾನೇ ಬೀಗ ಹಾಕ್ಕೊಂಡು ಹೊರಟ್ರು. ಇಬ್ಬರೂ ವಾಪಸ್ ಬರೋದು ಎಷ್ಟೊತ್ತಾಗುತ್ತೆ, ಅಷ್ಟು ಹೇಳಿ.”