ಎರಡನೇ ಪುಟ

ಆಸ್ಪತ್ರೆಯಲ್ಲಿ ನಮ್ಮ ಕೆಲಸ ಇಷ್ಟೆ: ಡಾಕ್ಟರು ಬರೆದದ್ದನ್ನು ಓದಿ ಕಾಯಿಲೆಗೊಂದು ಕೋಡ್ ಹಾಕುವುದು. ಯಾರನ್ನು ಮತ್ತೆ ಪರೀಕ್ಷೆಗೆ ಕರೆಯಬೇಕೆಂದು ಕಂಪ್ಯೂಟರ್ ಆ ಕೋಡ್ ನೋಡಿಯೇ ತೀರ್ಮಾನಿಸುತ್ತದೆ.

ಸ್ತನದಲ್ಲಿ ನೋವೆಂದು ಇಲ್ಲೇ ತೋರಿಸಿಕೊಂಡಿದ್ದ ನನ್ನನ್ನು ಕರೆಯಲಿಲ್ಲ. "ಮೂರು ತಿಂಗಳಿಗೆ ಇನ್ನೊಂದು ಸ್ಕ್ಯಾನ್, ಇಲ್ಲಿಂದಲೇ ಫೋನ್ ಬರುತ್ತೆ" ಎಂದಿದ್ದರು ಡಾಕ್ಟರು. ಫೋನ್ ಬರಲಿಲ್ಲವೆಂದರೆ ಭಯವಿಲ್ಲ ಅಂತ ಸುಮ್ಮನಿದ್ದೆ. ಒಂಬತ್ತು ತಿಂಗಳಾದ ಮೇಲೆ, ನಿನ್ನೆ, ಕ್ಯಾನ್ಸರ್ ಕಂಕುಳಿಗೂ ಹಬ್ಬಿದೆ ಎಂದರು.

ಇವತ್ತು ಕೆಲಸಕ್ಕೆ ಬಂದವಳೇ ನನ್ನ ನಂಬರ್ ಹಾಕಿ ಫೈಲು ತೆಗೆದೆ. ಕೋಡ್: ಸ್ತನದ ಅನಿರ್ದಿಷ್ಟ ತೊಂದರೆ. ಹಾಕಿದವಳು ಪಕ್ಕದ ಕುರ್ಚಿಯ ತನುಜಾ. ನಾನೇ ಕೆಲಸ ಕಲಿಸಿದ ಹುಡುಗಿ, ದಿನಾ ನನ್ನ ಡಬ್ಬಿಯ ಚಪಾತಿ ತಿಂದವಳು.

"ಎರಡನೇ ಪುಟದಲ್ಲಿ 'ಗಂಟು ಇದೆ' ಅಂತ ಡಾಕ್ಟರು ಬರೆದಿದ್ದಾರಲ್ಲೇ! ಓದಲೇ ಇಲ್ವಾ ನೀನು?"

"ಇಲ್ಲ ಅಕ್ಕ. ಮೊದಲನೇ ಪುಟದಲ್ಲಿ ನೋವು ಅಂತ ಮಾತ್ರ ಇತ್ತು."

"ನನ್ನ ಫೈಲು ಅಂತಾದ್ರೂ ಪುಟ ತಿರುಗಿಸಬಾರದಿತ್ತಾ?"

"ನಮಗೆ ಹೆಸರು ಕಾಣಲ್ಲವಲ್ಲ ಅಕ್ಕ, ನಂಬರ್ ಅಷ್ಟೇ."

"ಯಾರದ್ದೇ ಆಗಿರಲಿ! ಒಂದು ಪುಟ ತಿರುಗಿಸೋಕೆ ಏನು ರೋಗ ನಿಂಗೆ? ನನ್ನ ಜೀವ ತೆಗೆದೆಯಲ್ಲೇ!"

ಇಡೀ ಹಾಲ್ ತಿರುಗಿ ನೋಡಿತು. ತನುಜಾ ಅಳುತ್ತಲೇ, ತನ್ನ ಮಾನಿಟರಿನ ಅಂಚಿಗೆ ಅಂಟಿದ್ದ, ಬಣ್ಣ ಮಾಸಿದ ಹಳದಿ ಚೀಟಿಯೊಂದನ್ನು ಕಿತ್ತು ನನ್ನ ಮುಂದಿಟ್ಟಳು.

"ಎರಡನೇ ಪುಟ ತೆರೆಯಬೇಡ, ದಿನದ ಟಾರ್ಗೆಟ್ ಮುಟ್ಟಲ್ಲ. ಅನಿರ್ದಿಷ್ಟ ಅಂತ ಹಾಕಿ ಮುಗಿಸು" ಎಂದು ಅದರಲ್ಲಿತ್ತು, ನನ್ನದೇ ದುಂಡು ಅಕ್ಷರದಲ್ಲಿ.