ನಲವತ್ತು ತಲೆ

ಬಿಳಿ ದೊರೆಯ ಕುದುರೆ ಕಾಫಿ ತೋಟದ ಮೇಲಿನ ಬ್ಲಾಕಿನ ತಿರುವು ದಾಟಿತೋ ಇಲ್ಲವೋ, ಮುತ್ತಮ್ಮ "ಓಡ್ರೋ, ಓಡ್ರೋ!" ಎಂದಳು. ಹಣ್ಣು ಕೀಳುತ್ತಿದ್ದ ಹತ್ತೂ ಜನ ಬುಟ್ಟಿ ಹೊತ್ತು, ಕಾಫಿ ಗಿಡಗಳ ನಡುವೆ ಬಗ್ಗಿಕೊಂಡು ಕೆಳಗಿನ ಬ್ಲಾಕಿಗೆ ಓಡಿದರು.

ಇದೆಲ್ಲ ಲಕ್ಕಯ್ಯ ಮೇಸ್ತ್ರಿಯ ಉಪಾಯ. ನಲವತ್ತು ಆಳು ತರುತ್ತೇನೆಂದು ದೊರೆಗೆ ಮಾತು ಕೊಟ್ಟುಬಿಟ್ಟಿದ್ದ ಮಹರಾಯ. ಘಟ್ಟದ ಕೆಳಗಿನವರು ಮಲೆಜ್ವರಕ್ಕೆ ಹೆದರಿ ಈ ಸಲ ಬರಲೇ ಇಲ್ಲ. ಸಿಕ್ಕಿದ್ದು ಹತ್ತೇ ಜನ. ಇವತ್ತು ನಲವತ್ತು ತಲೆ ಕಾಣದಿದ್ದರೆ ಮೇಸ್ತ್ರಿಕೆ ಬಿಟ್ಟು ಮನೆಗೆ ನಡೆ ಎಂದಿದ್ದ ದೊರೆ. ಪುಣ್ಯಕ್ಕೆ, ಗಿಡಗಳ ಮೇಲೆ ಕಾಣುವುದು ತಲೆ ಮಾತ್ರ. ಕುದುರೆ ದಾರಿ ಬಳಸಿ ಬರುವಷ್ಟರಲ್ಲಿ ಹಳ್ಳ ಹಾರಿ ಮುಂದಿನ ಬ್ಲಾಕು ಸೇರಿ, ತಲೆವಸ್ತ್ರ ಅದಲುಬದಲು ಮಾಡಿಕೊಂಡರೆ ಹೊಸ ಹತ್ತು ಜನ ತಯಾರು, ನಾಲ್ಕು ಬ್ಲಾಕಿಗೆ ನಲವತ್ತು! ಬೆಳಿಗ್ಗೆಯಿಂದ ಒಂದು ಬುಟ್ಟಿ ಹಣ್ಣೂ ತುಂಬಿರಲಿಲ್ಲ, ಅದು ಬೇರೆ ಮಾತು.

ಎರಡನೆಯ ಬ್ಲಾಕು ಸುಸೂತ್ರವಾಗಿ ಮುಗಿಯಿತು. ಮೂರನೆಯದರಲ್ಲಿ ದೊರೆ ಕುದುರೆ ನಿಲ್ಲಿಸಿ, ಮುತ್ತಮ್ಮನ ಕಡೆ ಬೆತ್ತ ತೋರಿಸಿದ.

"ಈ ಹೆಂಗಸು ಮೇಲೆ ಇತ್ತಲ್ಲ?"

ಜೊತೆಗೆ ನಡೆಯುತ್ತಿದ್ದ ಲಕ್ಕಯ್ಯ ತಟ್ಟನೆ ಕೈಮುಗಿದ. "ಅದು ಇವಳ ಅಕ್ಕ, ದೊರೆ."

ನಾಲ್ಕನೆಯ ಬ್ಲಾಕಿನಲ್ಲೂ ಬೆತ್ತ ಮುತ್ತಮ್ಮನ ಕಡೆಗೇ ಎದ್ದಿತು. "ಇದು?"

"ಇವ್ಳು ಕೊನೇ ತಂಗಿ, ದೊರೆ. ಅತ್ತಿಗುಂಡಿ ಕಡೆ ಒಂದೊಂದು ಮನೇಲೂ ಆರೇಳು ಹೆಣ್ಣುಮಕ್ಳು."

"ಎಲ್ಲಾ ಯಾಕೆ ಬೆವರುತ್ತದೆ?"

"ಮೈಮುರಿದು ಕೆಲ್ಸ ಮಾಡ್ತಾರೆ, ದೊರೆ!" ಆ ದಿನ ಲಕ್ಕಯ್ಯ ಆಡಿದ ನಿಜ ಅದೊಂದೇ.

ದೊರೆ ಬೆರಳು ಮಡಚಿ ಲೆಕ್ಕ ಹಾಕಿ ಹಿಗ್ಗಿಹೋದ. "ನಲವತ್ತು! ಬಹಳ ಜನ! ಮಲ್ಲಂದೂರಲ್ಲಿ ನಮ್ಮ ಸ್ನೇಹಿತನ ಎಸ್ಟೇಟಿಗೆ ಆಳೇ ಇಲ್ಲ. ನಾಳೆ ಇಪ್ಪತ್ತು ಜನ ಅಲ್ಲಿಗೆ ಕಳಿಸು!" ಎಂದವನೇ ಬಂಗಲೆಯ ಕಡೆ ಕುದುರೆ ಓಡಿಸಿದ.

ಲಕ್ಕಯ್ಯ ದಾರಿಯ ಮೇಲೇ ಕುಸಿದು ಕೂತ. "ಅಯ್ಯೋ ದೇವ್ರೇ! ಈಗೇನು ಮಾಡೋದು ಮಾರಾಯ್ತಿ?"

ಮುತ್ತಮ್ಮ ಸೊಂಟ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದಳು. "ಮಾಡೋದೇನು ಮೇಸ್ತ್ರಿಗಳೇ! ನಾವು ಹತ್ತೂ ಜನ ಹೋಗ್ತೀವಿ, ನೀವೂ ಬನ್ನಿ. ಆದ್ರೂ ಒಂಬತ್ತು ಜನ ಕಮ್ಮಿ. ಇಲ್ಲಿ ಹಣ್ಣು ಕೀಳೋಕೆ ದೊರೆ ಒಬ್ರೇ ಉಳೀತಾರೆ. ಉಳೀಲಿ ಬಿಡಿ, ಅವ್ರಿಗೆ ಓಡೋಕೆ ಕುದುರೆನಾದ್ರೂ ಇದೆ!"