ಸೀಟಿನ ಮೇಲೆ ಕೂತು ಕೊಟ್ಟ ಅಳತೆ

ಯಾರ್ರೀ ಅದು, ಮುದುಕನಿಗೆ ಮರೆವು ಅಂದವರು? ತೊಂಬತ್ತೆಂಟನೇ ಇಸವಿ, ಹ್ಯಾಂಡ್‌ಪೋಸ್ಟ್ ಅನ್ನೋ ಊರಿನ ಟೈಲರ್ ತಿಮ್ಮಯ್ಯನ ಅಂಗಡಿ. ಬಾಯಿ ಮುಚ್ಚಿಕೊಂಡು ಕೇಳಿ.

ಅಂತರಸಂತೆಯ ಪ್ರಮೀಳಾ ಹರಿದ ಪ್ಯಾಂಟನ್ನು ಹೊಲಿಗೆ ಮಿಷನ್ನಿನ ಮೇಲೆ ಎಸೆದಳು. ಭಾನುವಾರ ಹೆಂಗಸರ ಸೈಕಲ್ ಪಂದ್ಯ, ಪ್ಯಾಂಟಿಲ್ಲದಿದ್ದರೆ ಸೇರಿಸುವುದಿಲ್ಲ. ಅವಳ ದಪ್ಪ ತೊಡೆಗೆ ರೆಡಿಮೇಡ್ ಹತ್ತುತ್ತಿರಲಿಲ್ಲ. ತಿಮ್ಮಯ್ಯ ಹೊಲಿದದ್ದು ಸೈಕಲ್ ತುಳಿಯುವಾಗ ಎರಡನೇ ಸಲ ಬಿರಿದಿತ್ತು.

“ಹೊಲ್ಗೆ ಸರ್ಯಾಗೇ ಐತೆ ಕಣವ್ವ. ನೀನೇ ಒಸಿ ಕರಗ್ಬೇಕು,” ಎಂದ ತಿಮ್ಮಯ್ಯ. ಬಟ್ಟೆಗೆ ಕಾಯುತ್ತಿದ್ದ ಗಂಡಸರು ಕಿಸಕ್ಕೆಂದರು.

ಪ್ರಮೀಳಾ ಹೊರಗೆ ಹೋದಳು. ಅಳುತ್ತಾ ಹೋದಳು ಅಂದುಕೊಂಡರು ಎಲ್ಲರೂ. ಅವಳು ಸೈಕಲ್ಲನ್ನೇ ಅಂಗಡಿಯೊಳಗೆ ತಂದು, ಸ್ಟ್ಯಾಂಡ್ ಹಾಕಿ, ಚೂಡಿದಾರದಲ್ಲೇ ಹತ್ತಿ ಬಗ್ಗಿ ತುಳಿದಳು. ಹಿಂದಿನ ಚಕ್ರದ ಗಾಳಿಗೆ ಬಟ್ಟೆ ಚೂರುಗಳೆಲ್ಲ ಹಾರಿದವು.

“ನಿಲ್ಸ್ಕಂಡು ಅಳ್ತೆ ತಗಂಡ್ರಲ್ಲ ತಿಮ್ಮಯ್ಯಣ್ಣ, ನಿಂತ್ಕಂಡು ಸೈಕಲ್ ತುಳಿಯಕಾಯ್ತದಾ? ನಾನಂತೂ ಕರಗಕಿಲ್ಲ. ಈಗ ಅಳೀರಿ!”

ತಿಮ್ಮಯ್ಯ ಕದಲಲಿಲ್ಲ. ಮೂಲೆಯಲ್ಲಿ ಗುಂಡಿ ಹಾಕುತ್ತಿದ್ದ ಅವನ ಹೆಂಡತಿ ಬೀರಮ್ಮ ಎದ್ದು ಬಂದಳು. ಗಂಡನ ಕೊರಳಿನಿಂದ ಟೇಪು ಎಳೆದುಕೊಂಡು, ಪ್ರಮೀಳಾಳ ಮಡಿಸಿದ ಮಂಡಿಗೆ, ಬಗ್ಗಿದ ಸೊಂಟಕ್ಕೆ, ತೊಡೆಗೆ ಹಿಡಿದಳು.

“ತೊಡೆ ಇಪ್ಪತ್ತೇಳು. ಏನ್ ನೋಡ್ತಾ ನಿಂತಿದ್ದೀರಿ, ಬರ್ಕಳಿ!”

ತಿಮ್ಮಯ್ಯ ಕಿವಿಯ ಮೇಲಿನ ಪೆನ್ಸಿಲ್ ತೆಗೆದ.

ಮೈಯದೇ ತಪ್ಪು ಅನ್ನುವ ಟೈಲರ್ ನಿಮ್ಮೂರಲ್ಲೂ ಇದ್ದರೆ ಇದನ್ನು ಅವನಿಗೆ ಕಳಿಸಿ. ಅವನ ಹೆಂಡತಿಗೆ ಮೊದಲು ಕಳಿಸಿ.